ಬಾಯಿ ಬಿಡದ ಮಗು, ಬಾಯಿ ಮುಚ್ಚದ ಮಗು: ಒಂದೇ ಪೀರಿಯಡಿನಲ್ಲಿ ಇಬ್ಬರಿಗೂ ಪಾಠ ಹೇಗೆ?

ಪೆರ್ಲ ಯು.ಪಿ. ಸಮಾಜ

ನಾನು ಕಾಸರಗೋಡಿನ ಪೆರ್ಲದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಸಮಾಜ ಪಾಠ ಮಾಡುವವ. ಏಳನೇ ತರಗತಿ, ಕನ್ನಡ ಮಾಧ್ಯಮ, 36 ಮಕ್ಕಳು. 40 ನಿಮಿಷದ ಪೀರಿಯಡಿನಲ್ಲಿ ಕೈ ಎತ್ತುವುದು ಅದೇ ಐದಾರು ಜನ. ಹಿಂದಿನ ಎರಡು ಬೆಂಚಿನವರು ಬರೆಯುವುದರಲ್ಲಿ ಚುರುಕು, ಬಾಯಿ ಮಾತ್ರ ಬಿಡುವುದಿಲ್ಲ. ಇನ್ನು ಮೂವರು ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾರೆ, ಅದರಲ್ಲಿ ಅರ್ಧ ತಪ್ಪು. ನೆಟ್‌ನಲ್ಲಿ ಸಿಗುವ 16 ಬಗೆಯ ವ್ಯಕ್ತಿತ್ವ ಪರೀಕ್ಷೆಯನ್ನು ಕನ್ನಡಕ್ಕೆ ಮಾಡಿ, ಮಕ್ಕಳಿಂದ ತುಂಬಿಸಿ, ಅದರ ಪ್ರಕಾರ ಗುಂಪು ಮಾಡಿದರೆ ಆಗಬಹುದಾ? ಮುಂದಿನ ಪಾಠ ನೀರಿನ ಬಗ್ಗೆ. ನಮ್ಮ ಕಡೆಯ ಸುರಂಗ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದದ್ದು), ಮದಕ (ಮಳೆನೀರು ನಿಲ್ಲುವ ಕೆರೆ), ಕಟ್ಟ (ತೋಡಿಗೆ ಅಡ್ಡ ಹಾಕುವ ಒಡ್ಡು), ಇವನ್ನು ಸೇರಿಸಿಕೊಳ್ಳುವ ಆಲೋಚನೆ ಉಂಟು. ಗೊತ್ತಿದ್ದವರು ನಿಮಿಷದ ಲೆಕ್ಕದಲ್ಲಿ ಹೇಳಿದರೆ ಉಪಕಾರ.

ಬಿ.ಎಡ್. ಮನಃಶಾಸ್ತ್ರ

ಆ ಪರೀಕ್ಷೆ ಬೇಡ ಮಾಷ್. ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತನ್ನು 1921ರಲ್ಲಿ ಪ್ರಚಾರಕ್ಕೆ ತಂದದ್ದು ಕಾರ್ಲ್ ಯೂಂಗ್. ಅದನ್ನು ಹಿಡಿದು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್, 16 ಬಗೆಯ ಪಟ್ಟಿ ಮಾಡಿದರು. ತೊಂದರೆ ಇರುವುದು ಗೆರೆ ಎಳೆಯುವಲ್ಲಿ. ಎತ್ತರದ ಹಾಗೆ ಇದೂ ಹೆಚ್ಚು ಕಡಿಮೆಯ ವಿಷಯ. ಹೆಚ್ಚಿನವರು ನಡುವೆಯೇ ಇರುತ್ತಾರೆ. ನಡುವಿಗೆ ಗೆರೆ ಎಳೆದರೆ ಎರಡು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟ ಮಾತ್ರಕ್ಕೆ ಮಗು ಈ ಕಡೆಯಿಂದ ಆ ಕಡೆಗೆ ಹಾರುತ್ತದೆ. ಒಂದೆರಡು ತಿಂಗಳು ಬಿಟ್ಟು ಮತ್ತೆ ತುಂಬಿಸಿದರೆ ಎಷ್ಟೋ ಮಂದಿಗೆ ಬೇರೆಯೇ ಬಗೆ ಬರುತ್ತದೆ. ಅದಲ್ಲದೆ ಆ ಪಟ್ಟಿ ಹನ್ನೆರಡರ ಮಕ್ಕಳಿಗೆ ಮಾಡಿದ್ದೇ ಅಲ್ಲ.

ಸಂಶೋಧಕರು ಈಗ ಹೆಚ್ಚಾಗಿ ಬಳಸುವುದು ಐದು ಗುಣಗಳ ಅಳತೆ: ಹೊಸತಿಗೆ ತೆರೆದುಕೊಳ್ಳುವುದು, ಶಿಸ್ತಿನ ಶ್ರದ್ಧೆ, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಆತಂಕ. ಇವುಗಳಲ್ಲಿ ಅಂಕದ ಜೊತೆ ಸ್ವಲ್ಪ ಗಟ್ಟಿ ನಂಟಿರುವುದು ಶ್ರದ್ಧೆಗೆ, ಅದೂ 0.2ರ ಆಸುಪಾಸಿನ ಸಹಸಂಬಂಧ ಅಷ್ಟೆ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು). ಬಹಿರ್ಮುಖತೆಗೂ ಅಂಕಕ್ಕೂ ಹೇಳಿಕೊಳ್ಳುವಂಥ ಸಂಬಂಧ ಇಲ್ಲ. ಅಂದರೆ ಕೈ ಎತ್ತುವವನೇ ಜಾಣ ಎಂಬ ಲೆಕ್ಕ ಅಲ್ಲಿಗೇ ಬಿತ್ತು.

ತರಗತಿಗೆ ನಿಜವಾಗಿ ಪ್ರಯೋಜನವಾಗುವುದು ಥಾಮಸ್ ಮತ್ತು ಚೆಸ್ ದಂಪತಿಗಳು 1956ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಅಧ್ಯಯನ. ಅವರು ಕಂಡದ್ದು: ಸುಮಾರು ನೂರಕ್ಕೆ 40 ಮಕ್ಕಳು ಸುಲಭದವರು, 15 ನಿಧಾನವಾಗಿ ಒಗ್ಗುವವರು, 10 ಕಷ್ಟದವರು. ಉಳಿದ 35 ಯಾವ ಗುಂಪಿಗೂ ಸರಿಯಾಗಿ ಬೀಳಲಿಲ್ಲ. ಆ 35ನ್ನು ನೆನಪಿಡಿ. ಅವರ ಮುಖ್ಯ ಮಾತು ಎಂದರೆ ಸ್ವಭಾವ ತಾನಾಗಿ ತೊಂದರೆಯಲ್ಲ, ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ತಾಳೆಯಾಗದಿದ್ದಾಗ ತೊಂದರೆ. ಹಾಗಾಗಿ ಮಗುವನ್ನು ವಿಂಗಡಿಸುವ ಕೆಲಸ ಬಿಡಿ. ಪಾಠದ ಯಾವ ಹಂತದಲ್ಲಿ ಯಾರು ಸಿಕ್ಕಿಬೀಳುತ್ತಾರೆ ಎಂದು ನೋಡಿ, ಆ ಹಂತವನ್ನೇ ಎಲ್ಲರಿಗೂ ಬದಲಿಸಿ.

ಉಪ್ಪಳ ಗಣಿತ ಟೀಚರ್

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಊರಿನಲ್ಲಿ ಸ್ವಭಾವಕ್ಕಿಂತ ಮೊದಲು ಭಾಷೆ ನೋಡಬೇಕು. ಒಂದೇ ಬೆಂಚಿನಲ್ಲಿ ಮನೆಮಾತು ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ. ನಮ್ಮಲ್ಲಂತೂ ಉರ್ದು ಬೇರೆ. ಕನ್ನಡ ಮಾಧ್ಯಮ ಎಂದ ಕೂಡಲೇ ಎಲ್ಲರ ನಾಲಗೆಗೂ ಕನ್ನಡ ಒಗ್ಗಿದೆ ಎಂದಲ್ಲ. ಕನ್ನಡ ಸರಿಯಾಗಿ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ಬಂದಾಗ ಇಡೀ ತರಗತಿಯೇ 'ಅಂತರ್ಮುಖಿ'ಯಾಗುತ್ತದೆ, ಅದು ಮಕ್ಕಳ ಸ್ವಭಾವವಲ್ಲ.

ಬೇರ್ಪಡಿಸುವ ಕ್ರಮ ಹೀಗೆ. ಮಾತು ಬೇಡದ ಒಂದು ಕೆಲಸ ಕೊಡಿ: ನಕ್ಷೆಯಲ್ಲಿ ಚಂದ್ರಗಿರಿ ಹೊಳೆ ಗುರುತಿಸುವುದು, ಚಿತ್ರಗಳನ್ನು ಅನುಕ್ರಮವಾಗಿ ಇಡುವುದು. ಮಗು ಅದನ್ನು ಚಕಚಕ ಮಾಡಿ ಮುಗಿಸಿ, ವಿವರಿಸಲು ಹೇಳಿದಾಗ ನಿಂತರೆ ಅದೇ ಪ್ರಶ್ನೆಯನ್ನು ಪಕ್ಕದವನ ಮೂಲಕ ಮನೆಮಾತಿನಲ್ಲಿ ಕೇಳಿಸಿ. ತುಳುವಿನಲ್ಲಿ ಹರಳು ಹುರಿದ ಹಾಗೆ ಹೇಳಿದರೆ ಅದು ನಾಚಿಕೆಯಲ್ಲ, ಕನ್ನಡದ ಪದ ಸಾಲದೆ ಹೋದದ್ದು. ಅದಕ್ಕೆ ಮದ್ದು ಪದಪಟ್ಟಿ. ಪಾಠಕ್ಕೆ ಬೇಕಾದ ಎಂಟು ಹತ್ತು ಪದ ಬೋರ್ಡಿನ ಬಲಮೂಲೆಯಲ್ಲಿ ಪೀರಿಯಡ್ ಮುಗಿಯುವ ತನಕ ಅಳಿಸದೆ ಇರಲಿ. ಮನೆಮಾತಿನಲ್ಲೂ ಮಾತಾಡದಿದ್ದರೆ ಆಗ ಸ್ವಭಾವದ ಕಡೆ ಹೋಗಿ.

ಬದಿಯಡ್ಕ ಎಲ್.ಪಿ.

ಟೀಚರ್ ಹೇಳಿದ್ದು ಸರಿ, ಆದರೆ ಮೂರನೆಯದೊಂದು ಉಂಟು. ಮನೆಯಲ್ಲಿ ಕಿವಿ ತೂತಾಗುವಷ್ಟು ಮಾತು, ಶಾಲೆಯ ಗೇಟು ದಾಟಿದರೆ ಒಂದು ಅಕ್ಷರ ಇಲ್ಲ. ಶಾಲೆಯ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಜೂನ್‌ನಲ್ಲಿ ಎಷ್ಟೋ ಮಕ್ಕಳು ಹಾಗೇ. ಅದರ ನಂತರವೂ ಒಂದು ತಿಂಗಳಿಗಿಂತ ಹೆಚ್ಚು ಹೀಗೆಯೇ ನಡೆದರೆ, ಭಾಷೆ ಗೊತ್ತಿದ್ದೂ ಮಾತು ಬಾರದಿದ್ದರೆ, ಅದು ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಆತಂಕದ ತೊಂದರೆ ಅದು, ಹಟ ಅಲ್ಲ. ಅಲ್ಲಿ "ಒಂದು ಮಾತು ಹೇಳು, ಚಾಕಲೇಟು ಕೊಡ್ತೇನೆ" ಎಂಬ ಆಮಿಷ ಕೂಡ ಒತ್ತಡವೇ. ತಲೆಯಾಡಿಸುವುದು, ಬೆರಳು ತೋರಿಸುವುದು, ಬರೆದು ತೋರಿಸುವುದನ್ನು ಉತ್ತರವೆಂದು ಒಪ್ಪಿಕೊಳ್ಳಿ. ಕೌನ್ಸಿಲರ್ ಇದ್ದರೆ ಅವರಿಗೆ ಹೇಳಿ. ಇಲ್ಲದಿದ್ದರೆ ಮಕ್ಕಳ ತಜ್ಞರನ್ನು ನೋಡಲು ಹೇಳಿ. ಬೇಗ ಹೋದಷ್ಟು ಒಳ್ಳೆಯದು.

ಪೆರ್ಲ ಯು.ಪಿ. ಸಮಾಜ

ಪರೀಕ್ಷೆ ಕೈಬಿಟ್ಟೆ. ಹಾಗಾದರೆ ಯಾರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂದು 36 ಜನರದ್ದು ನೋಡಿ ಬರೆಯುವುದು ಹೇಗೆ? ಪಾಠ ಮಾಡುತ್ತಾ ಬರೆಯಲು ಸಾಧ್ಯ ಇಲ್ಲ ಮಾರಾಯ್ರೆ.

ಮುಳ್ಳೇರಿಯ ಹೈಸ್ಕೂಲ್

ದಿನಕ್ಕೆ ನಾಲ್ಕು ಮಕ್ಕಳನ್ನು ಮಾತ್ರ ನೋಡಿ. 36 ಮಕ್ಕಳಿಗೆ ಒಂಬತ್ತು ದಿನ, ಎರಡು ವಾರದೊಳಗೆ ಮುಗಿಯುತ್ತದೆ. ಉದ್ದ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಹೆಸರಿನ ಎದುರು ನಾಲ್ಕೇ ಕಂಬ: ಎಲ್ಲರ ಎದುರು ಮಾತಾಡಿದ್ದು, ಪಕ್ಕದವನ ಹತ್ತಿರ ಮಾತಾಡಿದ್ದು, ಕೆಲಸ ಕೊಟ್ಟ ಮೇಲೆ ಪೆನ್ನು ಹಾಳೆಗೆ ತಾಗಲು ಹಿಡಿದ ಹೊತ್ತು, ಕ್ರಮ ತಟ್ಟನೆ ಬದಲಾದಾಗ ಮಾಡಿದ್ದು. ಮೊದಲೆರಡಕ್ಕೆ ಬರೀ ಗೆರೆ. ಮೂರನೆಯದಕ್ಕೆ ಗಡಿಯಾರ ನೋಡಿ ನಿಮಿಷ. ನಾಲ್ಕನೆಯದಕ್ಕೆ ಎರಡು ಪದ.

ತಪ್ಪುವುದು ಎರಡು ಕಡೆ. ಒಂದು, ವಿಶೇಷಣ ಬರೆಯುವುದು. "ನಾಚಿಕೆ ಸ್ವಭಾವ" ಎಂದು ಬರೆದರೆ ಅದು ನಮ್ಮ ತೀರ್ಪು. "ಕೇಳಿದಾಗ ಪಕ್ಕದವಳಿಗೆ ಪಿಸುಗುಟ್ಟಿದಳು, ಉತ್ತರ ಸರಿ" ಎಂದು ಬರೆದರೆ ನಾಳೆ ಏನು ಮಾಡಬೇಕೆಂದು ಅದರಲ್ಲೇ ಉಂಟು. ಇನ್ನೊಂದು, ಒಂದೇ ಪೀರಿಯಡಿನಲ್ಲಿ ನೋಡುವುದು. ಊಟದ ನಂತರದ ಪೀರಿಯಡಿನಲ್ಲಿ ಎಲ್ಲರೂ ಮೌನಿಗಳೇ. ಆಟದ ಪೀರಿಯಡ್ ಮುಗಿದ ಕೂಡಲೇ ಎಲ್ಲರೂ ಗಲಾಟೆಯವರೇ. ಒಂದು ಬೆಳಗ್ಗಿನ, ಒಂದು ಮಧ್ಯಾಹ್ನದ ಪೀರಿಯಡ್ ಆಗಲೇಬೇಕು. ಹಾಳೆ ಮಕ್ಕಳ ಕೈಗೆ ಸಿಗದಂತೆ ಇಡಿ.

ನೀರ್ಚಾಲು ವಿಜ್ಞಾನ

ಇಷ್ಟು ದೊಡ್ಡ ಲೆಕ್ಕ ಏಕೆ? ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ. ಆ ಮೂರು ಬಗೆಗೆ ಮೂರು ಚಟುವಟಿಕೆ ಕೊಟ್ಟರೆ ಸಾಕಲ್ಲ?

ಬಿ.ಎಡ್. ಮನಃಶಾಸ್ತ್ರ

ಅದು ಕೇಳಲು ಚಂದ, ಆದರೆ ನಿಂತಿಲ್ಲ. 2008ರಲ್ಲಿ ಪಾಶ್ಲರ್ ಮತ್ತು ಮೂವರು ಸಂಗಾತಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಮಗುವಿನ ಇಷ್ಟದ ಶೈಲಿಗೆ ಹೊಂದಿಸಿ ಕಲಿಸಿದರೆ ಹೆಚ್ಚು ಕಲಿಯುತ್ತದೆ ಎನ್ನಲು ತಕ್ಕ ಆಧಾರ ಅವರಿಗೆ ಸಿಗಲಿಲ್ಲ. ಮಾಧ್ಯಮ ಯಾವುದೆಂದು ತೀರ್ಮಾನಿಸಬೇಕಾದದ್ದು ವಿಷಯ. ಸುರಂಗದ ಅಡ್ಡಸೀಳು ಚಿತ್ರ ಇಲ್ಲದೆ ಯಾರಿಗೂ ತಲೆಗೆ ಹೋಗುವುದಿಲ್ಲ, 'ಕೇಳಿ ಕಲಿಯುವ' ಮಗುವಿಗೂ. ಪದ್ಯದ ಲಯ ಚಿತ್ರದಲ್ಲಿ ಬರುವುದಿಲ್ಲ, ಎಲ್ಲರೂ ಕೇಳಲೇಬೇಕು. ಸ್ವಭಾವಕ್ಕೆ ತಕ್ಕಂತೆ ಬದಲಿಸಬೇಕಾದದ್ದು ಬೇರೆ ಮೂರು: ಆಲೋಚಿಸಲು ಸಿಗುವ ಹೊತ್ತು, ಎದುರಿಗೆ ಕೇಳುವವರ ಸಂಖ್ಯೆ, ಮುಂದೆ ಏನು ಬರುತ್ತದೆಂಬ ಮುನ್ಸೂಚನೆ.

ಮುಳ್ಳೇರಿಯ ಹೈಸ್ಕೂಲ್

ಆ ಮೂರನ್ನೇ ಇಟ್ಟುಕೊಂಡು ಸುರಂಗದ ಪಾಠವನ್ನು 40 ನಿಮಿಷಕ್ಕೆ ಹೀಗೆ ಕೂರಿಸಬಹುದು.

ಒಳಗೆ ಬಂದ ಕೂಡಲೇ ಬೋರ್ಡಿನಲ್ಲಿ ಚಿತ್ರ. ಗುಡ್ಡ, ಮೇಲೆ ಮಳೆ, ನಡುವೆ ಮುರಕಲ್ಲಿನ (ತೂತು ತೂತಾದ ಕೆಂಪುಕಲ್ಲು) ಪದರ, ಅದರೊಳಕ್ಕೆ ಅಡ್ಡವಾಗಿ ಕೊರೆದ ಸುರಂಗ, ಬಾಯಲ್ಲಿ ಮಣ್ಣಿನ ಟಾಂಕಿ. ಕೆಳಗೆ ಒಂದೇ ಪ್ರಶ್ನೆ: ಈ ನೀರು ತಾನಾಗಿ ಹೊರಗೆ ಬರುವುದು ಹೇಗೆ, ಪಂಪು ಏಕೆ ಬೇಡ? ಮೂರು ನಿಮಿಷ ಯಾರೂ ಮಾತಾಡುವಂತಿಲ್ಲ, ನಾವೂ. ಮುಂದಿನ ಎರಡು ನಿಮಿಷ ಎರಡು ವಾಕ್ಯ ಬರೆಯಬೇಕು. ಕೂಗುವ ಮೂವರಿಗೆ ಇಲ್ಲಿ ಬ್ರೇಕು ಬಿತ್ತು, ಹಿಂದಿನ ಬೆಂಚಿಗೆ ಹೊತ್ತು ಸಿಕ್ಕಿತು.

ಆಮೇಲೆ ಮೂರು ನಿಮಿಷ ಜೋಡಿ: ಪುಸ್ತಕ ಬದಲಿಸಿ ಓದುವುದು. ಮುಂದಿನ ಐದು ನಿಮಿಷ ಎಲ್ಲರ ಎದುರು, ಆದರೆ ಹೇಳಬೇಕಾದದ್ದು ತನ್ನದಲ್ಲ, ಜೊತೆಯವರದ್ದು. "ಇವಳು ಬರೆದದ್ದು, ಮುರಕಲ್ಲಿನ ತೂತುಗಳಲ್ಲಿ ನೀರು ನಿಲ್ಲುತ್ತದೆ ಅಂತ." ಇದರಲ್ಲಿ ಮೌನಿಯ ಆಲೋಚನೆ ತರಗತಿಗೆ ತಲಪಿತು, ಅವಳು ಎದ್ದು ನಿಲ್ಲಬೇಕಾಗಿ ಬರಲಿಲ್ಲ. ಮಾತುಗಾರ ಇನ್ನೊಬ್ಬರದ್ದನ್ನು ಓದದೆ ಬಾಯಿ ತೆರೆಯುವಂತಿಲ್ಲ.

13ನೇ ನಿಮಿಷದಿಂದ ಜಿಗ್‌ಸಾ, ಅಂದರೆ ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡುವುದು. 1971ರಲ್ಲಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ಎಲಿಯಟ್ ಆರನ್ಸನ್ ರೂಪಿಸಿದ ಕ್ರಮ. 36 ಮಕ್ಕಳೆಂದರೆ ನಾಲ್ಕರ ಒಂಬತ್ತು ಮನೆಗುಂಪು. ಗುಂಪಿನೊಳಗೆ ನಾಲ್ವರಿಗೆ ನಾಲ್ಕು ಬೇರೆ ಚೀಟಿ: ಮಳೆ ಮತ್ತು ಮುರಕಲ್ಲು, ಸುರಂಗದ ಇಳಿಜಾರು, ಟಾಂಕಿಯಿಂದ ತೋಟಕ್ಕೆ, ಹೂಳು ಮತ್ತು ಕುಸಿತ. ಒಂದೊಂದು ಚೀಟಿ ಒಂಬತ್ತು ಜನರ ಕೈಯಲ್ಲಿರುತ್ತದೆ. ಒಂದೇ ಚೀಟಿಯವರು ಮೊದಲು ಸೇರಿ ಅದನ್ನು ಓದಿ ಮಾತಾಡಿಕೊಳ್ಳಬೇಕು. ಆದರೆ ಆ ಒಂಬತ್ತನ್ನು ಒಟ್ಟಿಗೆ ಕೂರಿಸಬೇಡಿ, ಮೂರು ಮೂರಾಗಿ ಒಡೆಯಿರಿ. ಒಂಬತ್ತರಲ್ಲಿ ಇಬ್ಬರು ಮಾತಾಡುತ್ತಾರೆ, ಏಳು ಜನ ಕಿಟಕಿ ನೋಡುತ್ತಾರೆ. ಮೂವರಿದ್ದಾಗ ಅಡಗಲು ಜಾಗ ಇಲ್ಲ. ಅಲ್ಲಿ ಏಳು ನಿಮಿಷ, ಮರಳಿ ಮನೆಗುಂಪಿನಲ್ಲಿ ತಲಾ ಎರಡರಂತೆ ಎಂಟು ನಿಮಿಷ. ಉಳಿದ ಹನ್ನೆರಡರಲ್ಲಿ ಐದು ನಿಮಿಷ ಬೋರ್ಡಿನಲ್ಲಿ ಒಟ್ಟುಗೂಡಿಸಲು, ಏಳು ನಿಮಿಷ ಬರೆಯುವ ಮೂರು ಪ್ರಶ್ನೆಗೆ. ಆ ಮೂರೂ ತನ್ನ ಚೀಟಿಯದ್ದಾಗಿರಬಾರದು.

ಕೆಡುವುದು ಹೀಗೆ. ಚೀಟಿ 80 ಪದ ಮೀರಿದರೆ ಏಳು ನಿಮಿಷ ಓದಲಿಕ್ಕೇ ಹೋಗುತ್ತದೆ. ಇಬ್ಬರು ರಜೆಯಾದರೆ ಎರಡು ಗುಂಪಿನಲ್ಲಿ ಚೀಟಿ ಕಮ್ಮಿ ಬೀಳುತ್ತದೆ, ಅಲ್ಲಿ ಓದುವುದರಲ್ಲಿ ಚುರುಕಾದ ಒಬ್ಬರಿಗೆ ಎರಡು ಚೀಟಿ ಕೊಡಿ. ಬೆಂಚು ಎಳೆದಾಡುವುದಕ್ಕೆ ಮೊದಲ ಸಲ ಐದು ನಿಮಿಷ ಹೋಗುತ್ತದೆ. ಬೆಂಚು ಮುಟ್ಟದೆ ಮುಂದಿನವರು ಹಿಂದಕ್ಕೆ ತಿರುಗಿ ಕೂತರೆ ಮುಗಿಯಿತು. ಮತ್ತೆ, ಮದಕ, ಕಟ್ಟ ಇದೇ ದಿನ ಬೇಡ, ಅವು ನಾಳೆಗೆ.

ಉಪ್ಪಳ ಗಣಿತ ಟೀಚರ್

ನೇರ ಪ್ರಶ್ನೆ ಕೇಳುವಾಗಲೂ ಒಂದು ಲೆಕ್ಕ ಉಂಟು. 1970ರ ದಶಕದಲ್ಲಿ ಮೇರಿ ಬಡ್ ರೋ ಅಳೆದು ನೋಡಿದಾಗ, ಅಧ್ಯಾಪಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಹೇಳತೊಡಗಿದರು. ಕನ್ನಡವನ್ನು ಮನೆಮಾತಿನಿಂದ ತಿರುಗಿಸಿಕೊಂಡು ಹೇಳುವ ಮಗುವಿಗೆ ಐದಾದರೂ ಬೇಕು. ಮನಸ್ಸಿನಲ್ಲಿ ಎಣಿಸಿ. ಉತ್ತರ ಬಂದ ಮೇಲೂ ಮೂರು ಎಣಿಸಿ, ಅದನ್ನು ಎಲ್ಲರೂ ಮರೆಯುತ್ತಾರೆ. ಹೆಸರು ಕೊನೆಗೆ ಹೇಳಬೇಕು. ಮೊದಲು ಹೆಸರು ಹೇಳಿದರೆ ಉಳಿದ 35 ತಲೆಗಳಿಗೆ ರಜೆ.

ಬಹಳ ಅಂಜುವ ಮಗುವಿಗೆ ಮಾತ್ರ ಇದು ತಿರುಗಮುರುಗ: ಅದಕ್ಕೆ ಮೊದಲೇ ಹೇಳಿಡಬೇಕು. ಬರೆಯುತ್ತಿರುವಾಗ ಬೆಂಚಿನ ಹತ್ತಿರ ಬಗ್ಗಿ, "ಎರಡನೆಯ ವಾಕ್ಯ ಒಳ್ಳೆದುಂಟು ಮಗಾ, ಆಮೇಲೆ ಅದನ್ನೇ ಓದ್ಲಿಕ್ಕೆ ಹೇಳ್ತೇನೆ, ಆಗ್ಬಹುದಾ?" ಇಷ್ಟೇ. ತಲೆಯಾಡಿಸಿದರೆ ಕರೆಯಿರಿ, ಇಲ್ಲದಿದ್ದರೆ ಆ ದಿನ ಬೇಡ. ಒಮ್ಮೆ ಕೊಟ್ಟ ಮಾತು ತಪ್ಪಿ ಬೇರೆ ಪ್ರಶ್ನೆ ಕೇಳಿದರೆ ಮುಂದಿನ ಒಂದು ತಿಂಗಳು ಆ ಮಗು ನಂಬುವುದಿಲ್ಲ.

ಕುಂಬಳೆ ಕನ್ನಡ ಪಂಡಿತ

ಕಲೋತ್ಸವದ ಯಕ್ಷಗಾನದಲ್ಲಿ ಅಬ್ಬರಿಸುವ ಹುಡುಗ ತರಗತಿಯಲ್ಲಿ ಮೂಕ. ಇದನ್ನು ನೋಡಿ "ನಾಟಕ ಮಾಡ್ತಾನೆ" ಎನ್ನುವವರಿದ್ದಾರೆ. ಹಾಗಲ್ಲ. ಶಾಲಾ ತಂಡದ ಮಕ್ಕಳಿಗೆ ಅರ್ಥ (ಪಾತ್ರದ ಮಾತು) ಬಾಯಿಪಾಠ ಇರುತ್ತದೆ, ವೇಷದ ಮರೆ ಉಂಟು, ಮುಂದೆ ಯಾರು ಏನು ಹೇಳುತ್ತಾರೆಂದು ಗೊತ್ತುಂಟು. ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ಅಲ್ಲೇ ಹುಟ್ಟಿಸಿ ಹೇಳುವ ಮಾತು ಬೇರೆ ಕಸುಬು. ಈ ಹುಡುಗನಿಗೆ ಸಭೆಯ ಭಯ ಇಲ್ಲ, ಸಿದ್ಧತೆ ಇಲ್ಲದ ಮಾತಿನ ಭಯ. ನಾಳಿನ ಪ್ರಶ್ನೆ ಇಂದೇ ಕೊಟ್ಟರೆ ಅರ್ಧ ಕೆಲಸ ಆಯಿತು. ಇನ್ನೂ ಬೇಕಾದರೆ ಪಾತ್ರ ಕೊಡಿ: ನೀನು ಸುರಂಗ ತೋಡುವವ, ಇವ ತೋಟದ ಯಜಮಾನ, ಎಲ್ಲಿ ಕೊರೆಯಬೇಕೆಂದು ಮಾತುಕತೆ ನಡೆಸಿ. ಮೊದಲ ಎರಡು ಸಲ ಬರೆದ ಸಂಭಾಷಣೆ, ಮೂರನೆಯ ಸಲ ಕೊನೆಯ ಎರಡು ಮಾತು ಖಾಲಿ ಬಿಡಿ, ಅವನೇ ತುಂಬಲಿ. ಖಾಲಿ ಮೆಲ್ಲ ಹೆಚ್ಚಬೇಕು. ಒಮ್ಮೆಗೇ ಪೂರ್ತಿ ಖಾಲಿ ಬಿಟ್ಟರೆ ಮತ್ತೆ ಮೂಕ.

ನೀರ್ಚಾಲು ವಿಜ್ಞಾನ

ಎಲ್ಲರೂ ಮೌನಿಗಳ ಬಗ್ಗೆಯೇ ಹೇಳುತ್ತಿದ್ದೀರಿ. ಬಾಯಿ ಮುಚ್ಚದ ಮೂವರ ಕತೆ? ಕೆಲವರಿಗೆ ಮಾತಾಡುತ್ತಲೇ ಆಲೋಚನೆ ಹುಟ್ಟುವುದು. ಅವರನ್ನು 40 ನಿಮಿಷ ಅದುಮಿಟ್ಟರೆ ಕಾಲು ಕುಟ್ಟಲು ಶುರು.

ಮುಳ್ಳೇರಿಯ ಹೈಸ್ಕೂಲ್

ಒಪ್ಪಿದೆ. ಅದಕ್ಕೆ ಬೀಜದ ಉಪಾಯ. ಚರ್ಚೆಗೆ ಕೂರುವ ಮೊದಲು ತಲಾ ಮೂರು ಹುಣಸೆಬೀಜ. ಒಂದು ಮಾತಿಗೆ ಒಂದು ಬೀಜ ನಡುವೆ ಇಡಬೇಕು. ಮುಗಿದವರು ಉಳಿದವರಿಗೆ ಪ್ರಶ್ನೆ ಕೇಳಬಹುದು, ಉತ್ತರ ಹೇಳುವಂತಿಲ್ಲ. ಮಾತುಗಾರ ಮೊದಲ ನಿಮಿಷದಲ್ಲೇ ಮೂರನ್ನೂ ಖರ್ಚು ಮಾಡುತ್ತಾನೆ. ಮಾಡಲಿ. ಆಮೇಲೆ ಅವನಿಗೆ ಉಳಿಯುವುದು ಪ್ರಶ್ನೆ ಕೇಳುವ ಕೆಲಸ, ಅದರಲ್ಲಿ ಅವ ನಿಪುಣನಾಗುತ್ತಾನೆ. ಮೌನಿ ತನ್ನ ಬೀಜವನ್ನು ಪಕ್ಕದವನಿಗೆ ದಾನ ಮಾಡುತ್ತಾನೆ, ಇದು ನಡೆದೇ ನಡೆಯುತ್ತದೆ. ಬೀಜ ಕೈ ಬದಲಾಗಕೂಡದು ಎಂದು ಮೊದಲೇ ಹೇಳಬೇಕು. ಕೊನೆಗೆ ಒಂದು ಬೀಜ ಉಳಿದರೆ ತಪ್ಪಿಲ್ಲ. ಮೂರನ್ನೂ ಖಾಲಿ ಮಾಡಲೇಬೇಕು ಎಂದರೆ "ನನಗೂ ಹಾಗೇ ಅನಿಸ್ತದೆ" ಎಂದು ಮೂರು ಸಲ ಹೇಳಿ ಮುಗಿಸುತ್ತಾರೆ.

ತಪ್ಪು ಉತ್ತರ ಕೂಗುವವರಿಗೆ ಸ್ಲೇಟು. ಎಲ್ಲರೂ ಬರೆದು, "ಎತ್ತಿ" ಎಂದಾಗ ಒಟ್ಟಿಗೆ ತೋರಿಸುವುದು. ಉತ್ತರದ ಕೆಳಗೆ 'ಏಕೆಂದರೆ' ಎಂದು ಒಂದು ಸಾಲು ಇರಲೇಬೇಕು. ಆತುರದವನನ್ನು ನಿಲ್ಲಿಸುವುದು ಬೈಗುಳವಲ್ಲ, ಆ 'ಏಕೆಂದರೆ'. ಮತ್ತೊಂದು: ಚುರುಕಿನವನನ್ನೇ ಸದಾ ಗುಂಪಿನ ಲೀಡರ್ ಮಾಡಬೇಡಿ. ಅವ ಮಾಡುತ್ತಾನೆ ಎಂದು ಉಳಿದ ಮೂವರು ಕೈ ಬಿಡುತ್ತಾರೆ.

ಬದಿಯಡ್ಕ ಎಲ್.ಪಿ.

ಗುಂಪನ್ನು ವಾರ ವಾರ ಬದಲಿಸುವ ಅಭ್ಯಾಸವನ್ನೂ ಬಿಡಿ. ನಿಧಾನವಾಗಿ ಒಗ್ಗುವ ಮಗುವಿಗೆ ಆ ಮೂರು ಮುಖ ಪರಿಚಯವಾಗುವುದರೊಳಗೆ ಗುಂಪು ಒಡೆದು ಹೋಗುತ್ತದೆ. ಐದಾರು ವಾರ ಒಂದೇ ಗುಂಪು ಇರಲಿ, ಚಂಚಲ ಮಕ್ಕಳಿಗೆ ಬೇಸರವಾಗದ ಹಾಗೆ ಒಳಗಿನ ಕೆಲಸ ಬದಲಾಗಲಿ: ಈ ವಾರ ಬರೆಯುವವ, ಮುಂದಿನ ವಾರ ಸಮಯ ನೋಡುವವ, ಆಮೇಲೆ ಸಂಶಯ ಎತ್ತುವವ. ಮೊದಲ ಎರಡು ವಾರ ಮೌನಿಗೆ ಮೌನಿಯೇ ಜೋಡಿಯಾದರೂ ಅಡ್ಡಿಯಿಲ್ಲ. ಇಬ್ಬರಲ್ಲಿ ಒಬ್ಬರು ಮಾತಾಡಲೇಬೇಕಾಗುತ್ತದಲ್ಲ.

ಆದೂರು ಟೀಚರ್

ಆತಂಕದ ಮಗುವನ್ನು ಯಾರೂ ಹೇಳಲಿಲ್ಲ. ಒಂದು ಸಾಲು ಬರೆದು ಮೂರು ಸಲ ಅಳಿಸುವ ಮಗು. ಮೊದಲ ಬರಹ ಪೆನ್ನಿನಲ್ಲೇ ಆಗಲಿ, ರಬ್ಬರ್ ಬ್ಯಾಗಿನೊಳಗೆ. ತಪ್ಪಿದ್ದಕ್ಕೆ ಒಂದೇ ಗೆರೆ. ಹಾಳೆಯ ಮೇಲೆ 'ಕರಡು' ಎಂದು ಬರೆಸಿ, ಆ ಪದದಿಂದಲೇ ಅರ್ಧ ಭಾರ ಇಳಿಯುತ್ತದೆ.

ಪರೀಕ್ಷೆಯ 15 ನಿಮಿಷದ ಕೂಲ್ ಆಫ್ ಟೈಮ್ (ಬರೆಯದೆ ಪ್ರಶ್ನೆಪತ್ರಿಕೆ ಓದುವ ಹೊತ್ತು) ಇಂಥವರಿಗೇ ಹೇಳಿ ಮಾಡಿಸಿದ್ದು, ಆದರೆ ಅದನ್ನು ಬಳಸುವ ಕ್ರಮ ಕಲಿಸದಿದ್ದರೆ ಅದು 15 ನಿಮಿಷದ ಹೆದರಿಕೆ. ಅವರು ಮಾಡುವುದೇನೆಂದರೆ ಕಷ್ಟದ ಪ್ರಶ್ನೆಯಲ್ಲೇ ಕಣ್ಣು ನೆಟ್ಟು ಕೂರುವುದು. ಓಣಂ ಪರೀಕ್ಷೆಗೆ (ಮೊದಲ ಟರ್ಮಿನದ್ದು) ಮೊದಲು ಎರಡು ಕ್ಲಾಸ್ ಟೆಸ್ಟಿನಲ್ಲಿ ಅಭ್ಯಾಸ ಮಾಡಿಸಿ: ಮೊದಲ ಓದಿನಲ್ಲಿ ಗೊತ್ತಿರುವುದನ್ನು, ಸಂಶಯದ್ದನ್ನು ಮನಸ್ಸಿನಲ್ಲೇ ಬೇರೆ ಮಾಡುವುದು. ಎರಡನೆಯ ಓದಿನಲ್ಲಿ, ಆಯ್ಕೆ ಇರುವಲ್ಲಿ ಯಾವುದು ಎಂದು ತೀರ್ಮಾನಿಸುವುದು. ಕೊನೆಗೆ, ಮೊದಲು ಬರೆಯುವ ಪ್ರಶ್ನೆ ಯಾವುದೆಂದು ನಿಶ್ಚಯಿಸುವುದು. ಆತುರದ ಮಗುವಿಗೂ ಇದೇ ಕ್ರಮ, ಕಾರಣ ಮಾತ್ರ ಬೇರೆ.

ಸಿ.ಇ. (ನಿರಂತರ ಮೌಲ್ಯಮಾಪನ) ಅಂಕದ ಬಗ್ಗೆ ಒಂದು ಮಾತು. ನಮ್ಮ ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ 100ರ ವಿಷಯಕ್ಕೆ 20, 50ರದ್ದಕ್ಕೆ 10 ನಮ್ಮ ಕೈಯಲ್ಲಿ. 'ಭಾಗವಹಿಸುವಿಕೆ' ಎಂದರೆ ಗಟ್ಟಿ ಧ್ವನಿ ಎಂದು ಲೆಕ್ಕ ಹಿಡಿದರೆ ಮೌನಿಯ ಅಂಕ ಸುಮ್ಮನೆ ಹೋಗುತ್ತದೆ. ಜೋಡಿಯಲ್ಲಿ ಆಡಿದ ಮಾತು, ಬರೆದ ಪ್ರಶ್ನೆ, ಗುಂಪಿನ ಕೆಲಸದ ದಾಖಲೆ, ಇವೂ ಭಾಗವಹಿಸಿದ್ದೇ.

ಪೆರ್ಲ ಯು.ಪಿ. ಸಮಾಜ

ಟೀಚಿಂಗ್ ಮ್ಯಾನುವಲ್‌ನಲ್ಲಿ (ಪಾಠಯೋಜನೆಯ ಪುಸ್ತಕ) ಇದನ್ನೆಲ್ಲ ಬರೆಯುವುದು ಹೇಗೆ? ಮತ್ತೆ ಕ್ಲಾಸ್ ಪಿ.ಟಿ.ಎ.ಯಲ್ಲಿ ಹೆತ್ತವರಿಗೆ ಎಂತ ಹೇಳುವುದು?

ಆದೂರು ಟೀಚರ್

ಮ್ಯಾನುವಲ್‌ನಲ್ಲಿ ಪ್ರತಿ ಚಟುವಟಿಕೆಯ ಎದುರು ಮೂರು ಅಂಕಿ ಸಾಕು: ಮೌನದ ನಿಮಿಷ, ಜೋಡಿಯ ನಿಮಿಷ, ಎಲ್ಲರ ಎದುರಿನ ನಿಮಿಷ. ಮೂರನೆಯದು ಮೊದಲೆರಡರ ಮೊತ್ತಕ್ಕಿಂತ ಹೆಚ್ಚಾದರೆ ಪಾಠ ಪುನಃ ಆ ಐದಾರು ಜನರದ್ದೇ ಆಗುತ್ತದೆ.

ಹೆತ್ತವರಿಗೆ 'ಮೌನಿ', 'ಗಲಾಟೆಯವ' ಎಂದು ಹೆಸರಿಟ್ಟು ಹೇಳಬೇಡಿ. ಅಮ್ಮ ಬಂದು ಮಗುವಿನ ಎದುರೇ "ಇವ ಎಂತದೂ ಮಾತಾಡುದಿಲ್ಲ ಅಲ್ಲ ಟೀಚರ್?" ಎನ್ನುತ್ತಾರೆ. "ಹೌದು" ಎಂದರೆ ಮಗು ಅದನ್ನೇ ಹಿಡಿದುಕೊಳ್ಳುತ್ತದೆ. "ಜೋಡಿಯಲ್ಲಿ ಮಾತಾಡ್ತಾನೆ, ಸುರಂಗದ ಇಳಿಜಾರು ಸರಿಯಾಗಿ ವಿವರಿಸಿದ್ದ" ಎಂದು ನೋಡಿದ್ದನ್ನು ಹೇಳಿ, ಮನೆಯಲ್ಲಿ ಯಾರ ಹತ್ತಿರ ಹೆಚ್ಚು ಮಾತು ಎಂದು ಕೇಳಿ. ಅಜ್ಜಿಯ ಹತ್ತಿರ ಎಂದರೆ ಕೆಲಸ ಸುಲಭ: ಊರಿನ ಸುರಂಗದ ಬಗ್ಗೆ ಅಜ್ಜಿಯನ್ನು ಕೇಳಿ ಮೂರು ಸಾಲು ಬರೆದು ತರಲಿ.

ಪೆರ್ಲ ಯು.ಪಿ. ಸಮಾಜ

ಸರಿ. ಸೋಮವಾರದಿಂದ ನಾಲ್ಕು ಕಂಬದ ಹಾಳೆ, ಅದು ಮುಗಿದ ಮೇಲೆ ಸುರಂಗ. ಹುಣಸೆಬೀಜ 36ಕ್ಕೆ ಮೂರರಂತೆ 108, ಹತ್ತು ಹೆಚ್ಚು ಇಟ್ಟುಕೊಳ್ಳುತ್ತೇನೆ. ನಮ್ಮ ಶಾಲೆಯ ಎರಡನೇ ತರಗತಿ ಟೀಚರಿಗೂ ಬೇಕಂತೆ.

ಬದಿಯಡ್ಕ ಎಲ್.ಪಿ.

ಎರಡನೇ ತರಗತಿಗೆ ಬೀಜ ಬೇಡ ಮಾಷ್, ಮೂಗಿಗೆ ತುರುಕಿಕೊಳ್ಳುತ್ತವೆ. ನೀರಿನ ಬಾಟಲಿಯ ಮುಚ್ಚಳ ಕೊಡಿ.